ನಿಂತ ಕತ್ತಿ, ಆಡುವ ಕೈ

ಅರಕಲಗೂಡಿನಿಂದ ಹಾಸನಕ್ಕೆ ಮನೆ ಬದಲಿಸಿದ ದಿನ ಸಾಮಾನೆಲ್ಲ ಲಾರಿ ಹತ್ತಿತು. ಅಮ್ಮ ಮಾತ್ರ ಎರಡನ್ನು ಬಿಟ್ಟುಕೊಡಲಿಲ್ಲ: ದೇವರ ಪೆಟ್ಟಿಗೆ, ಗೋಣಿಯಲ್ಲಿ ಸುತ್ತಿದ ಈಳಿಗೆಮಣೆ. ಹಲಸಿನ ಹಲಗೆ, ಕೂತು ಕೂತು ನಡುವೆ ನುಣುಪಾಗಿ ತಗ್ಗು ಬಿದ್ದಿದೆ. ‘ಅಂಗಡೀಲಿ ಹೊಸದು ಸಿಗುತ್ತಲ್ಲಮ್ಮ’ ಅಂದೆ. ‘ಸಿಗುತ್ತೆ, ಹೆಚ್ಚಲ್ಲ’ ಅಂದಳು.

ಆ ಮಾತಿನ ಅರ್ಥ ಆಗಿದ್ದು ಈಳಿಗೆಯ ಮುಂದೆ ನಾನೇ ಕೂತ ಮೇಲೆ. ಚಾಕುವಾದರೆ ತರಕಾರಿ ಸುಮ್ಮನಿರಬೇಕು, ಕತ್ತಿ ಆಡಬೇಕು. ಒಂದು ಕೈ ಕತ್ತಿಗೇ ಮೀಸಲು. ಈಳಿಗೆಯಲ್ಲಿ ಕತ್ತಿ ನಿಂತಿರುತ್ತದೆ, ಎರಡು ಕೈಯೂ ತರಕಾರಿಗೆ. ಗಟ್ಟಿ ಸಿಹಿಗುಂಬಳವನ್ನೂ ಭುಜದ ಬಲ ಹಾಕಿ ಒತ್ತಬಹುದು. ಹಲಗೆ ಜಾರದಂತೆ ಹಿಡಿಯುವುದು ಕೂತವರ ಮೈಭಾರ. ಅಲಗು ಬರೀ ಕಬ್ಬಿಣದ್ದು, ಸ್ಟೀಲಿನದಲ್ಲ. ತುಕ್ಕು ಹಿಡಿಯುತ್ತದೆ, ಬದನೆಕಾಯಿಯನ್ನು ಕಪ್ಪು ಮಾಡುತ್ತದೆ. ಅದಕ್ಕೇ ಹೋಳುಗಳು ನೇರ ನೀರಿಗೆ ಬೀಳಬೇಕು. ಆದರೆ ಒಮ್ಮೆ ಕುಲುಮೆಗೆ ಕೊಟ್ಟು ಹಣಿಸಿಕೊಂಡು ಬಂದರೆ ತಿಂಗಳುಗಟ್ಟಲೆ ಮೊನೆ ಬಿಡುವುದಿಲ್ಲ.

ತುದಿಯಲ್ಲಿ ತುರಿಯುವ ಹಲ್ಲುಗಳಿವೆ. ಕಾಯಿ ಹೋಳನ್ನು ಅಂಚಿನಿಂದ ಶುರುಮಾಡಿ, ತಿರುಗಿಸುತ್ತಾ ಒಳಗೆ ಬರಬೇಕು. ಬಿಳಿ ಇರುವಷ್ಟು ಹೊತ್ತು ‘ಸರ್ ಸರ್’ ಅನ್ನುವ ಮೆತ್ತನೆ ಸದ್ದು. ಕರಟಕ್ಕೆ ಹಲ್ಲು ತಾಗಿದ ಕೂಡಲೇ ಸದ್ದು ಒರಟಾಗುತ್ತದೆ. ಅಲ್ಲಿಗೆ ನಿಲ್ಲಿಸದಿದ್ದರೆ ಚಟ್ನಿಯಲ್ಲಿ ಕಂದು ಚೂರು ಸಿಗುತ್ತದೆ. ಮಿಕ್ಸಿ ಇದಕ್ಕೆ ತಿರುಗಾಮುರುಗಾ: ಕಾಯಿ ಕೂತಿರುತ್ತದೆ, ಕತ್ತಿ ಸುತ್ತುತ್ತದೆ. ಅದರಲ್ಲಿ ಕಾಯಿ ಪುಡಿಯಾಗುತ್ತದೆ, ತುರಿಯಾಗುವುದಿಲ್ಲ.

ಒಮ್ಮೆ ಗಮನಿಸಿದ ಮೇಲೆ ಈ ಉಪಾಯ ಎಲ್ಲೆಲ್ಲೂ ಕಾಣತೊಡಗಿತು. ಚನ್ನರಾಯಪಟ್ಟಣದ ಕಡೆಯ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವವರನ್ನು ನೋಡಿ. ನೆಲದಲ್ಲಿ ಹೂತ ಚೂಪು ಕಬ್ಬಿಣ ನೆಟ್ಟಗೆ ನಿಂತಿರುತ್ತದೆ. ಕಾಯನ್ನು ಎರಡೂ ಕೈಯಲ್ಲಿ ಎತ್ತಿ ಅದರ ಮೇಲೆ ಕುಕ್ಕಿ, ಮಣಿಕಟ್ಟು ಒಮ್ಮೆ ತಿರುಚಿದರೆ ಮಟ್ಟೆಯ ಒಂದು ಪಾಲು ಬಾಯಿಬಿಡುತ್ತದೆ. ಮೂರ್ನಾಲ್ಕು ತಿರುಚಿಗೆ ಕಾಯಿ ಬೆತ್ತಲೆ. ಕತ್ತಿ ಬೀಸಿ ಸುಲಿಯುವುದಾದರೆ ಅಷ್ಟೇ ಹೊತ್ತಿಗೆ ಬೆರಳೂ ಹೋದೀತು.

ಅಲ್ಲಿಂದ ತಿಪಟೂರಿನ ದಾರಿ ಹಿಡಿದರೆ ನುಗ್ಗೇಹಳ್ಳಿ. ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ. ಎಲ್ಲರೂ ಹೊರಗೋಡೆಯಲ್ಲಿ ಶಿಲ್ಪಿಗಳಾದ ಬೈಚೋಜ, ಮಲ್ಲಿತಮ್ಮ ಕೆತ್ತಿದ ಮೂರ್ತಿಗಳನ್ನು ನೋಡುತ್ತಾರೆ. ನಾನು ಕಂಬಗಳ ಮುಂದೆ ನಿಂತುಬಿಟ್ಟೆ. ಬಳೆ ಜೋಡಿಸಿದಂತೆ ಒಂದರ ಮೇಲೊಂದು ಉಂಗುರ, ಎಲ್ಲೂ ಕೂದಲೆಳೆಯಷ್ಟು ಸೊಟ್ಟವಿಲ್ಲ. ಬರೀ ಕೈಯ ಉಳಿಯಿಂದ ಇಷ್ಟು ಗುಂಡಗೆ ಬರುವುದಿಲ್ಲ. ಕಲ್ಲನ್ನೇ ತಿರುಗಣೆಗೆ ಏರಿಸಿ ಸುತ್ತಿಸಿ, ಉಳಿಯನ್ನು ಅಲುಗಿಸದೆ ಹಿಡಿದು ಕಡೆದ ಕಂಬಗಳಿವು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಬರಬರುತ್ತಾ ಗಟ್ಟಿಯಾಗುತ್ತದೆ. ಹಾಗಾಗಿ ಅದು ಸಾಧ್ಯವಾಯಿತು. ಕಂಬದ ಮೇಲೆ ಬೆರಳಾಡಿಸುತ್ತಾ ನನಗೆ ನೆನಪಾದದ್ದು ಅಮ್ಮನ ಕೈಯಲ್ಲಿ ಸುತ್ತುವ ಕಾಯಿ ಹೋಳು.

ಈಗ ಅಮ್ಮನ ಮಂಡಿ ಮಡಚುವುದಿಲ್ಲ. ಹೊಳೆನರಸೀಪುರದ ಪಾತ್ರೆ ಅಂಗಡಿಯೊಂದರಿಂದ ಅಡುಗೆ ಕಟ್ಟೆಗೆ ಬಿಗಿಯುವ ಸ್ಟೀಲಿನ ತುರಿಮಣೆ ತಂದೆ. ಮೂರನೇ ದಿನಕ್ಕೆ ತಿರುಪು ಸಡಿಲವಾಗಿ ತಲೆಯಾಡಿಸತೊಡಗಿತು. ಕೊನೆಗೆ ಹಳೇ ಅಲಗನ್ನೇ ಬಡಗಿಯ ಬಳಿ ಒಯ್ದೆ. ಗಿಡ್ಡ ಹಲಗೆಗೆ ಅಲಗು ಕೂರಿಸಿ, ನಾನು ನಿಲ್ಲುವ ಕಡೆಯ ತುದಿಗೆ ಕೆಳಮುಖವಾಗಿ ಒಂದು ಪಟ್ಟಿ ಹೊಡೆದುಕೊಟ್ಟರು. ಅದು ಕಟ್ಟೆಯ ಅಂಚನ್ನು ಕಚ್ಚಿಕೊಳ್ಳುತ್ತದೆ. ಮುಂದಕ್ಕೆ ಒತ್ತಿದಷ್ಟೂ ಬಿಗಿ. ಕೂತವರ ಭಾರದ ಕೆಲಸವನ್ನು ಈಗ ಎರಡಂಗುಲದ ಆ ಪಟ್ಟಿ ಮಾಡುತ್ತದೆ.

ಒಂದೇ ತೊಂದರೆ. ‘ನೆಲದ ಮೇಲೆ ಕೂರಕ್ಕಾಗಲ್ಲ’ ಅನ್ನುವ ನನ್ನ ಹಳೇ ನೆಪ ಹೋಯಿತು. ಬೆಳಗಿನ ಕಾಯಿ ತುರಿಯುವ ಪಾಳಿ ನನಗೇ ಬಂದಿದೆ. ಅಮ್ಮ ಹಜಾರದಲ್ಲಿ ಕುರ್ಚಿ ಮೇಲೆ ಪೇಪರು ಹಿಡಿದು ಕೂತಿರುತ್ತಾಳೆ. ತಲೆ ಎತ್ತುವುದಿಲ್ಲ, ಇತ್ತ ನೋಡುವುದೂ ಇಲ್ಲ.

‘ಸಾಕು ನಿಲ್ಸೋ, ಕರಟ ಬಂತು.’