ಸಣ್ಣ ಅಗೆಯುವ ಯಂತ್ರಕ್ಕೆ ದಿಮ್ಮಿ ಹಿಡಿಯುವ ಇಕ್ಕಳ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಹೊಸದುರ್ಗ ತಾಲ್ಲೂಕುಗಳಲ್ಲಿ ತೆಂಗು ರೈತರ ನೆಚ್ಚಿನ ಬೆಳೆ. ಹೊಳಲ್ಕೆರೆಯಲ್ಲಿ ಅಡಿಕೆಯೂ ಹೆಚ್ಚು. ಕಳೆದ ದಶಕದ ಬರಗಾಲದ ವರ್ಷಗಳಲ್ಲಿ ಕೊಳವೆ ಬಾವಿಗಳು ಬತ್ತಿ ಅನೇಕ ತೋಟಗಳು ಒಣಗಿದವು. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. ಹಳೆಯ ತೋಟವನ್ನು ತೆರವು ಮಾಡಿ ಹೊಸ ಸಸಿ ನೆಡಬೇಕೆನ್ನುವ ರೈತರಿಗೆ ಮೊದಲು ಎದುರಾಗುವ ಕೆಲಸವೆಂದರೆ ಸತ್ತ ಕಾಂಡಗಳ ಸಾಗಣೆ. ಅವುಗಳನ್ನು ತೋಟದಲ್ಲೇ ಕೊಳೆಯಲು ಬಿಟ್ಟರೆ ರೈನಾಸರಸ್ ದುಂಬಿ ಅವುಗಳಲ್ಲಿ ವಂಶಾಭಿವೃದ್ಧಿ ಮಾಡಿ ಹೊಸ ಸಸಿಗಳ ಸುಳಿಯನ್ನು ಕೊರೆಯುತ್ತದೆ.

ಈ ಕೆಲಸಕ್ಕೆ ‘ಮಿನಿ ಹಿಟಾಚಿ’ ಎಂದು ಜನರು ಕರೆಯುವ ಸಣ್ಣ ಅಗೆಯುವ ಯಂತ್ರ ಅನುಕೂಲವಾದುದು. ಆದರೆ ಬಕೆಟ್ಟಿನ ಹಲ್ಲಿಗೆ ಸರಪಣಿ ಸಿಕ್ಕಿಸಿ ದಿಮ್ಮಿ ಎತ್ತುವುದು ಅಪಾಯಕರ. ಸರಪಣಿ ಜಾರಿದರೆ ಕೆಳಗಿರುವವರ ಪ್ರಾಣಕ್ಕೇ ಸಂಚಕಾರ. ಇದಕ್ಕೆ ಪರಿಹಾರ ಯಂತ್ರದ ತೋಳಿಗೆ ಜೋಡಿಸುವ ಇಕ್ಕಳ, ಅಂದರೆ ಗ್ರ್ಯಾಬ್.

ಎರಡು ಬಗೆ

ಮೊದಲನೆಯದು ‘ಹೆಬ್ಬೆರಳು’. ಇದನ್ನು ತೋಳಿನ ಕೆಳಭಾಗಕ್ಕೆ ಕೂಡಿಸುತ್ತಾರೆ. ಬಕೆಟ್ ಇದ್ದಲ್ಲೇ ಇರುತ್ತದೆ. ಬಕೆಟ್ಟಿಗೂ ಹೆಬ್ಬೆರಳಿಗೂ ನಡುವೆ ದಿಮ್ಮಿ ಸಿಕ್ಕುತ್ತದೆ. ಎರಡನೆಯದು ಪೂರ್ಣ ಇಕ್ಕಳ. ಬಕೆಟ್ ಕಳಚಿ ಇದನ್ನು ಹಾಕಬೇಕು. ತಿರುಗಣೆ ಇರುವ ಇಕ್ಕಳವಾದರೆ ದಿಮ್ಮಿಯನ್ನು ಬೇಕಾದ ದಿಕ್ಕಿಗೆ ತಿರುಗಿಸಿ ಟ್ರೇಲರಿನಲ್ಲಿ ಸಾಲಾಗಿ ಜೋಡಿಸಬಹುದು.

ತೆಂಗಿನ ತೋಟ ತೆರವು ಮಾಡುವವರು ಬುಡವನ್ನೂ ಅಗೆಯಬೇಕಾದುದರಿಂದ ಅವರಿಗೆ ಹೆಬ್ಬೆರಳೇ ಸೂಕ್ತ, ಖರ್ಚೂ ಕಡಿಮೆ. ನೀಲಗಿರಿ, ಸರ್ವೆ, ಹೆಬ್ಬೇವು ದಿಮ್ಮಿಗಳನ್ನು ಬಾಡಿಗೆಗೆ ತುಂಬಿಕೊಡುವವರಿಗೆ ಪೂರ್ಣ ಇಕ್ಕಳ ಲಾಭದಾಯಕ.

ಎತ್ತುವ ಶಕ್ತಿಯ ಲೆಕ್ಕ

ಇಕ್ಕಳದ ಬಾಯಿ ಎಷ್ಟು ಅಗಲ ತೆರೆಯುತ್ತದೆ ಎಂದು ನೋಡಿ ಕೊಳ್ಳುವುದು ಸಾಮಾನ್ಯವಾದ ತಪ್ಪು. ಬಾಯಿಗೆ ಹಿಡಿಸಿದ್ದನ್ನೆಲ್ಲ ಯಂತ್ರ ಎತ್ತಲಾರದು. ತೋಳು ಚಾಚಿದಷ್ಟೂ ಎತ್ತುವ ಶಕ್ತಿ ಕುಗ್ಗುತ್ತದೆ. ಮುಂದಿನ ಬ್ಲೇಡನ್ನು ನೆಲಕ್ಕೆ ಊರಿ ಅದರ ನೇರಕ್ಕೆ ಎತ್ತುವಾಗ ಇರುವ ಬಲ ಪಕ್ಕಕ್ಕೆ ತಿರುಗಿದಾಗ ಇರುವುದಿಲ್ಲ. ಈ ವಿವರಗಳ ಕೋಷ್ಟಕ ಯಂತ್ರದ ಕೈಪಿಡಿಯಲ್ಲಿ ಇರುತ್ತದೆ.

ಹಸಿ ದಿಮ್ಮಿಯನ್ನು ನೀರಿನಷ್ಟೇ ತೂಕವೆಂದು ಎಣಿಸುವುದು ಕ್ಷೇಮ. ಸುತ್ತಳತೆಯನ್ನು ಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ಮತ್ತೆ 80ರಿಂದ ಗುಣಿಸಿದರೆ ತೂಕ ಕಿಲೋಗಳಲ್ಲಿ ಬರುತ್ತದೆ. 1 ಮೀಟರ್ ಸುತ್ತಳತೆ, 3 ಮೀಟರ್ ಉದ್ದದ ದಿಮ್ಮಿ 240 ಕಿಲೋ ತೂಗುತ್ತದೆ.

ಬಕೆಟ್ ಇಲ್ಲದೆ 3 ಮೀಟರ್ ದೂರದಲ್ಲಿ ಪಕ್ಕಕ್ಕೆ 450 ಕಿಲೋ ಎತ್ತಬಹುದೆಂದು ಕೋಷ್ಟಕದಲ್ಲಿ ಇದೆಯೆನ್ನಿ. ಇಕ್ಕಳ ಮತ್ತು ತಿರುಗಣೆಯ ತೂಕ 130 ಕಿಲೋ ಆದರೆ ಉಳಿಯುವುದು 320 ಮಾತ್ರ. ಮೇಲಿನ ದಿಮ್ಮಿಯನ್ನು ಎತ್ತಬಹುದು. ಸುತ್ತಳತೆ 1.3 ಮೀಟರ್ ಆದರೆ ಅಷ್ಟೇ ಉದ್ದದ ದಿಮ್ಮಿ 406 ಕಿಲೋ ಆಗುತ್ತದೆ, ಎತ್ತಬಾರದು. ಅದನ್ನೇ 2 ಮೀಟರಿಗೆ ಕತ್ತರಿಸಿದರೆ 270 ಕಿಲೋ. ಕತ್ತರಿಸುವ ಶ್ರಮಕ್ಕೆ ಬೇಸರಪಟ್ಟು ಯಂತ್ರವನ್ನೇ ಮಗುಚಿಕೊಳ್ಳಬಾರದು.

ಜೋಡಿಸುವಾಗ ಗಮನಿಸಬೇಕಾದ ಅಂಶಗಳು

1. ಪಿನ್ನಿನ ದಪ್ಪ, ಎರಡು ಪಿನ್ನುಗಳ ನಡುವಿನ ಅಂತರ, ತೋಳಿನ ತುದಿಯ ಅಗಲ, ಈ ಮೂರನ್ನೂ ಅಳೆದುಕೊಂಡೇ ಇಕ್ಕಳ ಕೊಳ್ಳಬೇಕು. ಸಡಿಲ ಪಿನ್ನು ರಂಧ್ರವನ್ನು ಬೇಗ ಸವೆಸುತ್ತದೆ.

2. ಎಣ್ಣೆಯ ಒತ್ತಡದಿಂದ ನಡೆಯುವ ಇಕ್ಕಳ ತೆರೆಯಲು, ಮುಚ್ಚಲು ಎರಡೂ ಕಡೆಗೆ ಎಣ್ಣೆ ಹರಿಯುವ ಕೊಳವೆ ಬೇಕು. ಬಂಡೆ ಒಡೆಯುವ ಬ್ರೇಕರಿಗೆಂದು ಹಾಕಿದ ಒಂದೇ ದಿಕ್ಕಿನ ಕೊಳವೆ ಸಾಲದು. ತಿರುಗಣೆಗೆ ಇನ್ನೊಂದು ಜೊತೆ ಕೊಳವೆ ಬೇಕಾಗಬಹುದು.

3. ಯಂತ್ರದ ಎಣ್ಣೆಯ ಒತ್ತಡ ಇಕ್ಕಳ ತಡೆಯಬಲ್ಲ ಒತ್ತಡವನ್ನು ಮೀರಕೂಡದು. ಇಕ್ಕಳದ ಸಿಲಿಂಡರಿನಲ್ಲಿ ತಡೆ ಕವಾಟ ಇರಲೇಬೇಕು. ಕೊಳವೆ ಒಡೆದರೂ ಹಿಡಿದ ದಿಮ್ಮಿ ಬೀಳದಂತೆ ಇದು ಕಾಯುತ್ತದೆ.

4. ಹೆಬ್ಬೆರಳನ್ನು ತೋಳಿಗೆ ಬೆಸುಗೆ ಹಾಕಿಸುವುದಾದರೆ ಯಂತ್ರದ ಮಾರಾಟಗಾರರನ್ನು ಕೇಳಿ, ನುರಿತವರಿಂದಲೇ ಮಾಡಿಸಬೇಕು.

ಕೆಲಸದ ವೇಳೆ

ದಿಮ್ಮಿಯನ್ನು ಅದರ ನಡುಭಾಗದಲ್ಲಿ ಹಿಡಿದು ಮೊದಲು ಒಂದು ಗೇಣು ಎತ್ತಿ ನೋಡಿ. ಹಿಂಭಾಗ ಏಳುವಂತೆ ಕಂಡರೆ ಕೂಡಲೇ ಇಳಿಸಿ. ಸಾಗುವಾಗ ತೋಳನ್ನು ಹತ್ತಿರಕ್ಕೆ ಮಡಚಿ ದಿಮ್ಮಿಯನ್ನು ನೆಲಕ್ಕೆ ಸಮೀಪದಲ್ಲೇ ಇರಿಸಿ. ಹೊಸದುರ್ಗ, ಹೊಳಲ್ಕೆರೆಯ ಇಳಿಜಾರು ಭೂಮಿಯಲ್ಲಿ ಇಳಿಜಾರಿಗೆ ಅಡ್ಡಲಾಗಿ ನಿಂತು ಎತ್ತಬೇಡಿ. ಹಿರಿಯೂರು ಕಡೆಯ ಎರೆಭೂಮಿ ಮಳೆಯಲ್ಲಿ ಕುಸಿಯುವುದರಿಂದ ನೆಲ ಒಣಗುವವರೆಗೆ ಕಾಯುವುದು ಲೇಸು. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನಲ್ಲಿ ದಿಮ್ಮಿಯನ್ನು ಸಾಲಿನುದ್ದಕ್ಕೇ ಹಿಡಿದು ಸಾಗಿ. ತಿರುಗಿಸಿದರೆ ನಿಂತ ಮರಗಳ ಕಾಂಡಕ್ಕೆ ಗಾಯವಾಗುತ್ತದೆ.

ನಿಂತ ಒಣಮರವನ್ನು ಇಕ್ಕಳದಿಂದ ಎಳೆದು ಕೆಡವಬಾರದು. ಒಣಗಿದ ತೆಂಗು ನಡುವೆಯೇ ಮುರಿದು ಚಾಲಕನ ಮೇಲೆ ಬೀಳಬಹುದು. ತೋಳು ತಿರುಗುವ ವ್ಯಾಪ್ತಿಯೊಳಗೆ ಆಳುಗಳು, ಅದರಲ್ಲೂ ಮಕ್ಕಳು ಸುಳಿಯದಂತೆ ನೋಡಿಕೊಳ್ಳಬೇಕು.

ಒಬ್ಬ ರೈತನಿಗೆ ಇಕ್ಕಳದ ಕೆಲಸ ವರ್ಷದಲ್ಲಿ ಕೆಲವೇ ದಿನ. ಆದ್ದರಿಂದ ನಾಲ್ಕಾರು ಮಂದಿ ಕೂಡಿ ಕೊಳ್ಳುವುದು ಅಥವಾ ಇಕ್ಕಳವಿರುವ ಯಂತ್ರವನ್ನೇ ಬಾಡಿಗೆಗೆ ಪಡೆಯುವುದು ಜಾಣತನ. ತೋಟದ ಮರುನಾಟಿಯ ಬಗ್ಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಸಲಹೆ ಪಡೆಯಬಹುದು.