ಮೂರು ಬಾರಿ ಗೆದ್ದ ಕೋಚ್, ಎರಡು ಮನಸ್ಸಿನ ಅಭಿಮಾನಿಗಳು

ನಿನ್ನ ಮೆಚ್ಚಿನ ಬಾಸ್ಕೆಟ್‌ಬಾಲ್ ಕೋಚ್ ಯಾರು ಎಂದು ಗೆಳತಿಯರು ಕೇಳಿದರೆ ನಾನು ಬೆಕಿ ಹ್ಯಾಮನ್ ಎನ್ನುತ್ತೇನೆ. ಹೇಳಿದ ಮೇಲೆ ಸ್ವಲ್ಪ ಮುಜುಗರವೂ ಆಗುತ್ತದೆ. ಕಾರಣ ಹೇಳುತ್ತೇನೆ.

ಹ್ಯಾಮನ್ ಅಮೆರಿಕದವರು. 1999ರಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯ ಆಯ್ಕೆಯಲ್ಲಿ ಯಾವ ತಂಡವೂ ಅವರನ್ನು ಆರಿಸಲಿಲ್ಲ. ಆದರೂ ಆ ಲೀಗ್‌ನಲ್ಲಿ 16 ಋತು ಆಡಿದರು. 2014ರಲ್ಲಿ ಪುರುಷರ ಎನ್‌ಬಿಎ ತಂಡವಾದ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಸಹಾಯಕ ಕೋಚ್ ಆದರು. 2020ರ ಡಿಸೆಂಬರ್ 30ರಂದು ಮುಖ್ಯ ಕೋಚ್ ಅವರನ್ನು ಪಂದ್ಯದ ಮಧ್ಯೆ ಹೊರಗೆ ಕಳುಹಿಸಿದಾಗ ತಂಡವನ್ನು ಇವರೇ ನಡೆಸಿದರು. ಎನ್‌ಬಿಎ ಋತುವಿನ ಪಂದ್ಯದಲ್ಲಿ ಆ ಸ್ಥಾನದಲ್ಲಿ ನಿಂತ ಮೊದಲ ಮಹಿಳೆ ಅವರೇ. 2022ರಲ್ಲಿ ಡಬ್ಲ್ಯುಎನ್‌ಬಿಎಯ ಲಾಸ್ ವೇಗಸ್ ಏಸಸ್ ತಂಡದ ಮುಖ್ಯ ಕೋಚ್ ಆದರು. ಏಸಸ್ 2022, 2023 ಮತ್ತು 2025ರಲ್ಲಿ ಚಾಂಪಿಯನ್ ಆಯಿತು.

ಇನ್ನೊಂದು ಬದಿಯೂ ಇದೆ. ಅಲ್ಲಿ ಒಂದು ತಂಡ ಆಟಗಾರ್ತಿಯ ಒಪ್ಪಂದವನ್ನು ಇನ್ನೊಂದು ತಂಡಕ್ಕೆ ವರ್ಗಾಯಿಸಬಹುದು. ಇದಕ್ಕೆ ಟ್ರೇಡ್ ಎನ್ನುತ್ತಾರೆ. ಸಂಬಳದ ಒಟ್ಟು ಮೊತ್ತಕ್ಕೆ ಮಿತಿ ಇರುವುದರಿಂದ ಒಬ್ಬರು ಹೋದರೆ ಇನ್ನೊಬ್ಬರಿಗೆ ಜಾಗ ಸಿಗುತ್ತದೆ. 2023ರ ಜನವರಿಯಲ್ಲಿ ಏಸಸ್ ತಂಡ ಡಿಯರಿಕಾ ಹ್ಯಾಂಬಿಯನ್ನು ಲಾಸ್ ಏಂಜಲೀಸ್ ಸ್ಪಾರ್ಕ್ಸ್‌ಗೆ ಕಳುಹಿಸಿತು. ಆಗ ಹ್ಯಾಂಬಿ ಗರ್ಭಿಣಿ. ಆ ಕಾರಣಕ್ಕೇ ತನ್ನನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲ ಎಂದು ಅವರು ದೂರಿದರು. ಲೀಗ್ ವಿಚಾರಣೆ ನಡೆಸಿ, ಗರ್ಭಧಾರಣೆಯ ಬಗ್ಗೆ ಆಡಿದ ಮಾತುಗಳಿಗಾಗಿ ಹ್ಯಾಮನ್ ಅವರನ್ನು ಸಂಬಳವಿಲ್ಲದೆ 2 ಪಂದ್ಯ ಅಮಾನತು ಮಾಡಿತು. ಹ್ಯಾಮನ್ ಆರೋಪ ಒಪ್ಪಲಿಲ್ಲ. ಟ್ರೇಡ್ ತಂಡದ ಹಿತಕ್ಕಾಗಿ ಎಂದರು. 2024ರಲ್ಲಿ ಹ್ಯಾಂಬಿ ನ್ಯಾಯಾಲಯಕ್ಕೂ ಹೋದರು.

ಅಭಿಮಾನಿಗಳ ಮನಸ್ಸು ಒಡೆದದ್ದು ಇಲ್ಲೇ. ಕೆಲವರು, "ವೃತ್ತಿಪರ ಆಟ ಎಂದರೆ ವ್ಯವಹಾರ, ಗೆಲುವೇ ಉತ್ತರ" ಎನ್ನುತ್ತಾರೆ. ಕೆಲವರು, "ಹೆಣ್ಣೊಬ್ಬಳು ಕೋಚ್ ಆಗಿಯೂ ತಾಯಿಯಾಗುವವಳಿಗೆ ಹೀಗಾದರೆ ಹೇಗೆ?" ಎನ್ನುತ್ತಾರೆ. ನನ್ನಂಥವರು ನಡುವೆ ಇದ್ದೇವೆ.

ಮನೆಯಲ್ಲಿ ಅಮ್ಮಿಗೆ ಇದನ್ನೆಲ್ಲ ಉರ್ದುವಿನಲ್ಲಿ ವಿವರಿಸಿದೆ. ಕಪ್ ಎಷ್ಟು ಎಂದು ಅವರು ಕೇಳಲಿಲ್ಲ. "ಆ ಹುಡುಗಿಗೆ ಮಗು ಆಯಿತಾ? ಮತ್ತೆ ಆಡಿದಳಾ?" ಎಂದು ಕೇಳಿದರು. ಮಾರ್ಚ್‌ನಲ್ಲಿ ಮಗು ಹುಟ್ಟಿತು; ಅದೇ ವರ್ಷ ಹ್ಯಾಂಬಿ ಹೊಸ ತಂಡದ 40 ಪಂದ್ಯಗಳಲ್ಲೂ ಆಡಿದರು ಎಂದೆ. ಅಮ್ಮಿ "ಮಾಷಾ ಅಲ್ಲಾಹ್" ಎಂದರು.

ಅಕೌಂಟೆನ್ಸಿಯಲ್ಲಿ ನಾವು ಆಸ್ತಿ, ಹೊಣೆ ಎರಡನ್ನೂ ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸುತ್ತೇವೆ. ಆಸ್ತಿ ಹೆಚ್ಚಿದೆ ಎಂದು ಹೊಣೆಯನ್ನು ಬಿಟ್ಟುಬಿಡುವುದಿಲ್ಲ. ಹ್ಯಾಮನ್ ಅವರಿಂದ ನಾನು ಧೈರ್ಯ ಕಲಿತದ್ದು ನಿಜ. ಅಮಾನತು ಆದದ್ದೂ ನಿಜ. ನಾಳೆ ನಾವೂ ಕೆಲಸಕ್ಕೆ ಸೇರುತ್ತೇವೆ, ಕೆಲವರು ಮೇಲಧಿಕಾರಿಗಳೂ ಆಗುತ್ತೇವೆ. ಆಗ ನಮ್ಮ ಕೈಕೆಳಗಿನವರು ನಮ್ಮ ಲೆಕ್ಕವನ್ನೂ ಎರಡೂ ಬದಿ ನೋಡಿಯೇ ಬರೆಯುತ್ತಾರೆ.