ಕಾಲೇಜಿನ ಹುಲಿ ವೃತ್ತಿಕಣದಲ್ಲಿ ಇಲಿಯೇಕೆ?

ಅಮೇರಿಕನ್ನರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಾಟವನ್ನಲ್ಲ. ಅಂಡಾಕಾರದ ಚೆಂಡನ್ನು ಹಿಡಿದು ಓಡಿ, ಇಲ್ಲವೆ ಎಸೆದು, ಎದುರಾಳಿಯ ಗಡಿ ದಾಟಿಸುವ ಆಟವದು. ಚೆಂಡನ್ನು ಯಾರಿಗೆ ಎಸೆಯಬೇಕೆಂದು ಕ್ಷಣಾರ್ಧದಲ್ಲಿ ನಿರ್ಧರಿಸುವ ಸೂತ್ರಧಾರನೇ ಕ್ವಾರ್ಟರ್‌ಬ್ಯಾಕ್. ಕಾಲೇಜಿನಲ್ಲಿ ಮೆರೆದ ಎಷ್ಟೋ ಮಂದಿ ಕ್ವಾರ್ಟರ್‌ಬ್ಯಾಕ್‌ಗಳು ವೃತ್ತಿಪರರ ನಡುವೆ ಮುಗ್ಗರಿಸುವುದೇಕೆ?

ಕಾಲೇಜುಗಳ ಮೇಲ್ದರ್ಜೆಯಲ್ಲಿ 130ಕ್ಕೂ ಮಿಕ್ಕಿ ತಂಡಗಳಿವೆ. ವೃತ್ತಿಪರ ಲೀಗಿನಲ್ಲಿ 32 ಮಾತ್ರ. ಜರಡಿ ಹಿಡಿದು ಉಳಿದ ಕಾಳುಗಳೇ ಅಲ್ಲಿ ಎದುರಾಳಿಗಳು. ಕಾಲೇಜಿನಲ್ಲಿ ಧಾರಾಳವಾಗಿ ಸಿಗುತ್ತಿದ್ದ ತೆರಪು ಅಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಕಾಲೇಜಿನ ಹಲವು ತಂಡಗಳಲ್ಲಿ ತರಬೇತುದಾರರೇ ಅಂಚಿನಲ್ಲಿ ನಿಂತು ಸನ್ನೆಯಿಂದ ದಾರಿ ತೋರುತ್ತಾರೆ; ಇಲ್ಲಿ ಎದುರಾಳಿಯ ವ್ಯೂಹವನ್ನು ತಾನೇ ಓದಿಕೊಳ್ಳಬೇಕು.

ಇನ್ನೊಂದು ಕಾರಣ ಲೀಗಿನ ನಿಯಮದಲ್ಲೇ ಇದೆ. ಹಿಂದಿನ ವರ್ಷ ಕೊನೆಯಲ್ಲಿ ಉಳಿದ ತಂಡಕ್ಕೆ ಹೊಸಬರ ಆಯ್ಕೆಯಲ್ಲಿ ಮೊದಲ ಸರದಿ. ಎಂದರೆ, ಉತ್ತಮನಿಗೆ ದೊರೆಯುವುದು ದುರ್ಬಲರ ಸಂಗ. 2002ರಲ್ಲಿ ಮೊದಲಿಗರಾಗಿ ಆಯ್ಕೆಯಾದ ಡೇವಿಡ್ ಕಾರ್ ಸೇರಿದ್ದು ಆಗಷ್ಟೇ ಹುಟ್ಟಿದ ಹ್ಯೂಸ್ಟನ್ ತಂಡವನ್ನು. ಅದೇ ವರ್ಷ ಚೆಂಡೆಸೆಯುವ ಮುನ್ನವೇ ಎದುರಾಳಿಗಳು ಅವರನ್ನು 76 ಬಾರಿ ನೆಲಕ್ಕುರುಳಿಸಿದರು. ಅದೊಂದು ದಾಖಲೆ!

2000ರಲ್ಲಿ 199ನೆಯವರಾಗಿ ಆಯ್ಕೆಯಾದ ಟಾಮ್ ಬ್ರಾಡಿ ಮೊದಲ ವರ್ಷ ಬಹುತೇಕ ಬೆಂಚಿನಲ್ಲೇ ಕುಳಿತು ಕಲಿತರು; ಮುಂದೆ ಏಳು ಸೂಪರ್ ಬೌಲ್ ಗೆದ್ದರು.

ಸ್ವಂತ ದೋಷದಿಂದ ಕೆಟ್ಟವರೂ ಇಲ್ಲದಿಲ್ಲ. ಆದರೆ ಎಳೆಗರುವಿಗೆ ನೊಗ ಹೂಡಿ, ಉಳಲಿಲ್ಲವೆಂದು ದೂರಿದರೆ ತಪ್ಪು ಕರುವಿನದಲ್ಲವೆಂದೇ ನಮ್ಮ ಎಣಿಕೆ.